ಮೀಟರಣ್ಣನ ಹೆಸರಿನಲ್ಲಿ ಮುಚ್ಚಿದ ದೂರು

ಮೀಟರಣ್ಣನ ಮೇಲೆ ನನಗೊಂದು ಸಿಟ್ಟು ಹನ್ನೊಂದು ವರ್ಷದಿಂದ ಹಾಗೇ ಉಳಿದಿದೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವಾರ. ಮೂರು ಮಹಡಿಯ ಕಟ್ಟಡಕ್ಕೆ ಏಣಿ ಹಾಕಿ, ಸುಡುವ ಬಿಸಿಲಲ್ಲಿ ಒಂದು ಗಂಟೆ ನೇತಾಡಿ, ತುಂಡಾದ ಫೈಬರ್ ಜೋಡಿಸಿ ಕೆಳಗಿಳಿದಿದ್ದೆ. ಮೋಡೆಮ್ಮಿನಲ್ಲಿ ಹಸಿರು ದೀಪ ಬಂದಿತ್ತು. ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ಖುಷಿಯಲ್ಲಿದ್ದರು. ಈ ಮನುಷ್ಯ ಜೇಬಿನಿಂದ ಅಂಗೈಯಗಲದ ಮೀಟರ್ ತೆಗೆದು, ವೈರಿನ ತುದಿಗೆ ಸಿಕ್ಕಿಸಿ, ಕನ್ನಡಕದ ಮೇಲಿಂದ ನೋಡಿ, ಅಷ್ಟೂ ಜನರ ಎದುರಿಗೆ ಹೇಳಿದ:

“ಇದು ಜೋಡಿಸಿದ್ದಲ್ಲ, ಅಂಟಿಸಿದ್ದು. ಕಿತ್ತು ಮತ್ತೆ ಮಾಡು.”

“ನೆಟ್ ಬರ್ತಿದೆಯಲ್ಲಣ್ಣ?”

“ಇವತ್ತು ಬರುತ್ತೆ. ನಾಲ್ಕು ದಿನ ಆದ್ಮೇಲೆ ನಿನ್ನ ಹಾಗೇ ಮುಖ ಊದಿಸ್ಕೊಂಡು ಕೂರುತ್ತೆ. ಹತ್ತು, ಹತ್ತು.”

ಮನೆಯ ಅಜ್ಜಿ ಕಿಸಕ್ಕೆಂದು ನಕ್ಕರು. ಮತ್ತೆ ಏಣಿ ಹತ್ತಿದೆ. ಕೆಳಗಿನಿಂದ ಅವನ ದನಿ: “ಏನೋ ಕುಕ್ಕರ್, ಎಷ್ಟು ವಿಸಿಲ್ ಆಯ್ತು?” ಅವತ್ತಿನಿಂದ ಆಫೀಸಿನಲ್ಲಿ ನನ್ನ ಹೆಸರು ಕುಕ್ಕರ್ ಎಂದೇ ಆಯಿತು. ಈಗ ಸೇರಿದ ಹುಡುಗರಿಗೂ ನನ್ನ ನಿಜವಾದ ಹೆಸರು ಗೊತ್ತಿಲ್ಲ. ಅವನು ಸರಿ ಹೇಳಿದ್ದ, ಜೋಡಣೆ ಕೆಟ್ಟದಾಗಿಯೇ ಇತ್ತು. ಆದರೆ ಅದನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಅವನಿಗೆ ಮೀಟರಣ್ಣ ಎಂಬ ಹೆಸರು ಬಂದದ್ದೂ ಆ ಮೀಟರಿನಿಂದಲೇ. ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದೆ. ಮನೆ ತಲುಪುವಾಗ ಎಷ್ಟು ಬೆಳಕು ಉಳಿದಿದೆ ಎಂದು ಆ ಮೀಟರ್ ಹೇಳುತ್ತದೆ. ಬೇರೆ ಲೈನ್‌ಮ್ಯಾನುಗಳು ಹಸಿರು ದೀಪ ಕಂಡರೆ ಗಾಡಿ ಹತ್ತುತ್ತಿದ್ದರು. ಇವನು ಅಂಕಿ ನೋಡದೆ ಮನೆ ಬಿಡುತ್ತಿರಲಿಲ್ಲ. ಸೋಫಾದ ಕಾಲಡಿ ವೈರು ಸಿಕ್ಕಿಕೊಂಡಿದ್ದನ್ನು ಬಗ್ಗಿ ನೋಡಿಯೇ ಕಂಡುಹಿಡಿಯುತ್ತಿದ್ದ. ಒಬ್ಬ ನಿವೃತ್ತ ಗುಮಾಸ್ತರು ಮನೆ ನೀಟಾಗಿರಲೆಂದು ಉಳಿದ ವೈರನ್ನು ಸಣ್ಣದಾಗಿ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಬೇರೆ ಹಾಕಿದ್ದರು. ತಿಂಗಳಿಗೆ ನಾಲ್ಕು ಸಲ ಕಂಪನಿಗೆ ಫೋನ್ ಮಾಡಿ ಬೈಯುತ್ತಿದ್ದವರು ಅವರೇ. ಮೀಟರಣ್ಣ ಗಂಟು ಬಿಚ್ಚುತ್ತಾ, “ಸಾರ್, ಬೆಳಕಿಗೂ ತಿರುಗೋಕೆ ಜಾಗ ಬೇಕು. ನೀವು ಕತ್ತು ಹಿಸುಕಿ ಇಟ್ಟಿದ್ದೀರಿ,” ಎಂದ. ಅವರು ಮತ್ತೆ ಫೋನ್ ಮಾಡಲಿಲ್ಲ.

ಮೊದಲು ಅವನು ತಾಮ್ರದ ತಂತಿಯ ಟೆಲಿಫೋನ್ ಕೆಲಸದವನು. ಇಪ್ಪತ್ತು ವರ್ಷ ಕಂಬ ಹತ್ತಿದ್ದ. ತಾಮ್ರ ಕಿತ್ತು ಹಾಕಿದಾಗ ಅವನಿಗೆ ನಲವತ್ತು ದಾಟಿತ್ತು. ಜೊತೆಯವರು ಬೇರೆ ಕೆಲಸ ಹುಡುಕಿಕೊಂಡರು. ಇವನು ಗಾಜು ಕಲಿತ. “ತಾಮ್ರ ಮುಟ್ಟಿದ್ರೆ ಗೊತ್ತಾಗ್ತಿತ್ತು ಕಣೋ. ಇದಕ್ಕೆ ಕಣ್ಣೇ ಬೇಕು. ನನಗೆ ಅದೊಂದೇ ಕಮ್ಮಿ,” ಎನ್ನುತ್ತಿದ್ದ. ಕನ್ನಡಕದ ಗಾಜು ವರ್ಷ ವರ್ಷ ದಪ್ಪವಾಗುತ್ತಿತ್ತು. ಕತ್ತರಿಸಿದ ಫೈಬರಿನ ಚೂರುಗಳನ್ನು ಅಂಟು ಟೇಪಿನಲ್ಲಿ ಒತ್ತಿ ಎತ್ತಿ, ಮುಚ್ಚಳವಿರುವ ಮಾತ್ರೆ ಡಬ್ಬಿಯಲ್ಲಿ ತುಂಬಿಕೊಳ್ಳುತ್ತಿದ್ದ. ಒಮ್ಮೆ ಅವನ ಅಂಗಿಯಿಂದ ಉದುರಿದ ಚೂರೊಂದು ಅವನ ಹೆಂಡತಿಯ, ಅಂದರೆ ನಮ್ಮ ಅತ್ತಿಗೆಯ, ಹಿಮ್ಮಡಿಗೆ ಹೊಕ್ಕು, ಕೊಯ್ದು ತೆಗೆಯಬೇಕಾಗಿತ್ತು. ಆಮೇಲೆ ಅವನು ಮನೆಯ ಬಾಗಿಲ ಹೊರಗೆ ಅಂಗಿ ಕೊಡವಿಯೇ ಒಳಗೆ ಹೋಗುತ್ತಿದ್ದ. ಎರಡು ಕೋಣೆಯ ಮನೆ. ಮಕ್ಕಳಿಲ್ಲ. ಅತ್ತಿಗೆ ಒಂದು ಶಾಲೆಯಲ್ಲಿ ಆಯಾ. ನಾನು ಹೋದರೆ ಆಕೆ ಕೇಳುತ್ತಿದ್ದ ಮೊದಲ ಮಾತು, “ಇವತ್ತು ಯಾರ ಜೊತೆ ಜಗಳ ಆಡಿ ಬಂದ್ಯಪ್ಪ?”

ಕೇಳುವಂಥದ್ದೇ. ಗಿರಾಕಿಗಳ ಜೊತೆ ಜಗಳವಾಡಿದ್ದಕ್ಕೆ ನನಗೆ ಎರಡು ವಾರ್ನಿಂಗ್ ಲೆಟರ್ ಬಂದಿತ್ತು. ಮೂರನೆಯದು ಬಂದರೆ ಕೆಲಸವಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೊಂದು ಕೆಲಸ ಎಲ್ಲಿದೆ? ನನ್ನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು.

ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಇಬ್ಬರಿಗೆ ಒಂದು ಟೀಮು, ಟೀಮಿಗೆ ಒಂದು ಫೋನು. ಆ ಫೋನಿನ ಆ್ಯಪ್‌ನಲ್ಲಿ ಹಿರಿಯನ ಹೆಸರು ಮಾತ್ರ ಇರುತ್ತದೆ. ಯಾರು ಏನು ಮಾಡಿದರೂ ಹಿರಿಯನೇ ಮಾಡಿದ ಲೆಕ್ಕ. ಗಿರಾಕಿ ದೂರು ಕೊಟ್ಟರೆ ಆ ಆ್ಯಪ್‌ಗೆ ಬರುತ್ತದೆ. ರಿಪೇರಿ ಮುಗಿದ ಮೇಲೆ ಗಿರಾಕಿಯ ಫೋನಿಗೆ ಒಂದು ಓಟಿಪಿ ಹೋಗುತ್ತದೆ. ಅವರು ಆ ನಂಬರ್ ಹೇಳಿದರೆ, ನಾವು ಅದನ್ನು ಒತ್ತಿದರೆ, ದೂರು ಮುಚ್ಚಿದಂತೆ. ನಾಲ್ಕು ಗಂಟೆಯೊಳಗೆ ಮುಚ್ಚಬೇಕು. ನಾಲ್ಕು ಗಂಟೆಯಲ್ಲಿ ಯಾರಿಂದಲೂ ಆಗುವ ಕೆಲಸವಲ್ಲ. ಅದಕ್ಕೆ ಎಲ್ಲ ಟೀಮಿನವರೂ ಒಂದು ದಾರಿ ಮಾಡಿಕೊಂಡಿದ್ದರು: “ಅಮ್ಮಾ, ಆ ನಂಬರ್ ಹೇಳಿಬಿಡಿ, ನಾಳೆ ಬಂದು ಮಾಡ್ಕೊಡ್ತೀನಿ.” ಜನ ಹೇಳಿಬಿಡುತ್ತಿದ್ದರು. ಬಹಳಷ್ಟು ಸಲ ನಾವೂ ಮಾರನೆಯ ದಿನ ಹೋಗಿ ಮಾಡುತ್ತಿದ್ದೆವು.

ಮೀಟರಣ್ಣ ಮಾಡುತ್ತಿರಲಿಲ್ಲ. “ಕೆಲಸ ಆಗದೆ ನಂಬರ್ ಇಸ್ಕೊಳ್ಳೋದು ಅಂದ್ರೆ ನೋಡದೆ ಇರೋ ಹೆಣ್ಣಿಗೆ ತಾಳಿ ಕಟ್ಟಿದ ಹಾಗೆ,” ಎಂದು ನಗಿಸುತ್ತಿದ್ದ. ಆದ್ದರಿಂದ ನಮ್ಮ ಟೀಮಿನ ಲೆಕ್ಕ ಯಾವಾಗಲೂ ಕೊನೆಯಲ್ಲಿರುತ್ತಿತ್ತು. ಬೈಗುಳ ಮಾತ್ರ ಮೊದಲು ನಮಗೇ.

ಲಾಂಡ್ರಿ ಅಕ್ಕನ ದೂರು ಬಂದದ್ದು ಆಗ. ಆಕೆ ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವವರು. ಗಂಡ ಬಸ್ ಡ್ರೈವರ್ ಆಗಿದ್ದವರು, ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಅಕ್ಕ ಮಂಚದ ಎದುರಿನ ಗೋಡೆಗೆ ಒಂದು ಕ್ಯಾಮೆರಾ ಹಾಕಿಸಿದ್ದರು. ಲಾಂಡ್ರಿಯಲ್ಲಿ ಫೋನನ್ನು ಇಸ್ತ್ರಿ ಮೇಜಿನ ಮೂಲೆಗೆ ಒರಗಿಸಿಟ್ಟು ಕೆಲಸ ಮಾಡುತ್ತಿದ್ದರು. ಗಂಡ ಬಲಗೈ ಎತ್ತಿದರೆ, “ಏನ್ರೀ, ನೀರಾ?” ಎಂದು ಕ್ಯಾಮೆರಾದಲ್ಲೇ ಕೇಳಿ, ಎದುರುಮನೆಯ ಹೆಂಗಸಿಗೆ ಫೋನ್ ಮಾಡುತ್ತಿದ್ದರು. ಆಕೆಯ ಹತ್ತಿರ ಒಂದು ಬೀಗದ ಕೈ ಇತ್ತು. ಎರಡು ವರ್ಷ ಹೀಗೇ ಸಂಸಾರ ನಡೆದಿತ್ತು.

ಒಂದು ದಿನ ಲಾಂಡ್ರಿಯಲ್ಲಿ ಚಿತ್ರ ಬರಲಿಲ್ಲ. ಮಧ್ಯಾಹ್ನ ಮನೆಗೆ ಓಡಿ ಬಂದು ನೋಡಿದರೆ ಫೋನಿನಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಮಾರನೆಯ ದಿನವೂ ಹಾಗೇ. ಆಕೆ ರಜೆ ಹಾಕಿ ದೂರು ಕೊಟ್ಟರು. ಸಹಾಯವಾಣಿಯವರು ಮೂರು ಸಲ ಮೋಡೆಮ್ ಆಫ್ ಮಾಡಿಸಿ ಆನ್ ಮಾಡಿಸಿದರು.

ನಾವು ಹೋದಾಗ ಮೀಟರಿನ ಅಂಕಿ ಚೊಕ್ಕವಾಗಿತ್ತು. ಲೈನಿನಲ್ಲಿ ದೋಷವೇ ಇಲ್ಲ. ನಾನು ವೈರು ಸುತ್ತಿಕೊಳ್ಳತೊಡಗಿದೆ. ಮೀಟರಣ್ಣ ಆಕೆಯ ಫೋನ್ ಇಸಿದುಕೊಂಡು, ವೈಫೈ ಆರಿಸಿ, ಮೆಟ್ಟಿಲಿಳಿದು ಬೀದಿಗೆ ಹೋದ. ನಾನೂ ಹಿಂದೆ ಹೋದೆ. ಪರದೆಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿತ್ತು.

“ನೋಡು, ಒಳಗಿದ್ರೆ ಬರುತ್ತೆ, ಹೊರಗೆ ಬಂದ್ರೆ ಇಲ್ಲ. ಲೈನಿನ ತಪ್ಪಲ್ಲ, ನಮ್ಮ ಕಂಪನಿಯ ತಪ್ಪು.”

ಮೊದಲು ಕಂಪನಿ ಒಂದೊಂದು ಮನೆಗೂ ಇಂಟರ್‌ನೆಟ್ಟಿನಲ್ಲಿ ಒಂದೊಂದು ವಿಳಾಸ ಕೊಟ್ಟಿತ್ತು. ಆ ತಿಂಗಳು ಇಡೀ ಬಡಾವಣೆಯನ್ನು ಒಂದೇ ವಿಳಾಸಕ್ಕೆ ಸೇರಿಸಿಬಿಟ್ಟಿತ್ತು. ಒಳಗಿನಿಂದ ಹೊರಗೆ ಹೋಗುವವರಿಗೆ ತೊಂದರೆಯಿಲ್ಲ. ಹೊರಗಿನಿಂದ ಒಬ್ಬರು ಮನೆ ಹುಡುಕಿಕೊಂಡು ಬಂದರೆ, ಸಾವಿರ ಮನೆಗೆ ಒಂದೇ ನಂಬರ್ ಬರೆದ ಹಾಗೆ, ಯಾವ ಬಾಗಿಲು ತಟ್ಟಬೇಕು? ಹಳೆಯ ವಿಳಾಸ ಬೇಕೆಂದು ಫಾರಂ ಬರೆದುಕೊಟ್ಟರೆ ಆಫೀಸಿನ ಎರಡನೇ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಐದು ನಿಮಿಷದಲ್ಲಿ ಸರಿಮಾಡುತ್ತಿದ್ದರು. ಆದರೆ ಅಂಥ ಫಾರಂ ಇದೆ ಎಂದು ಗಿರಾಕಿಗಳಿಗೆ ನಾವಾಗಿ ಹೇಳಬಾರದು ಎಂದು ನಮಗೆ ಬಾಯಿಮಾತಿನ ಅಪ್ಪಣೆಯಾಗಿತ್ತು.

ಮೀಟರಣ್ಣ ಹೇಳಿದ. ಫಾರಂ ತಾನೇ ತುಂಬಿ ಆಕೆಯ ಸಹಿ ಹಾಕಿಸಿದ. “ಇದು ಆಫೀಸಿನಲ್ಲಿ ಆಗಬೇಕಾದ ಕೆಲಸ ತಾಯಿ. ಆದ ಮೇಲೆ ನಮ್ಮ ಕಡೆಯಿಂದ ಫೋನ್ ಬರುತ್ತೆ. ಅಲ್ಲೀವರೆಗೂ ಕೆಲಸಕ್ಕೆ ಹೋಗ್ಬೇಡಿ.”

“ಮೂರು ದಿನ ಆಯ್ತಪ್ಪ ರಜೆ. ನಾಳೆ ಹೋಗ್ಲಿಲ್ಲ ಅಂದ್ರೆ ನನ್ನ ಮೇಜಿಗೆ ಬೇರೆಯವರನ್ನ ನಿಲ್ಲಿಸ್ತಾರಂತೆ,” ಎಂದರು ಅಕ್ಕ. ಮಂಚದ ಮೇಲಿಂದ ಡ್ರೈವರ್ ಯಜಮಾನರು ಬಲಗೈ ಎತ್ತಿ, ಹಾರ್ನ್ ಒತ್ತಿದ ಹಾಗೆ ಮಾಡಿ ನಕ್ಕರು. ಬೇಗ ಮಾಡಿ ಎಂದು ಅರ್ಥ.

ಆ ಮಧ್ಯಾಹ್ನ ಮೀಟರಣ್ಣನಿಗೆ ಕಣ್ಣಾಸ್ಪತ್ರೆಯ ಚೀಟಿಯಿತ್ತು. ಕಣ್ಣಿಗೆ ಔಷಧಿ ಬಿಟ್ಟರೆ ಸಂಜೆಯವರೆಗೆ ಏನೂ ಕಾಣುವುದಿಲ್ಲ. ಫಾರಮ್ಮನ್ನೂ ಟೀಮಿನ ಫೋನನ್ನೂ ನನ್ನ ಕೈಗೆ ಕೊಟ್ಟ. “ಇವತ್ತೇ ಕೊಡು. ಮೇಲೆ ಹೋಗಿ, ಅವನು ಮಾಡೋ ತನಕ ಪಕ್ಕದಲ್ಲೇ ನಿಂತ್ಕೋ. ಕುಕ್ಕರ್, ಯಾರ ಹತ್ರಾನೂ ಕೂಗಾಡ್ಬೇಡ.”

ಆಫೀಸಿನ ಕೆಳಮಹಡಿಯಲ್ಲೇ ಸೂಪರ್‌ವೈಸರ್ ಸಿಕ್ಕಿದ. ನನಗಿಂತ ಹದಿನೈದು ವರ್ಷ ಚಿಕ್ಕವನು. ನಾಲ್ಕು ಜನರ ಎದುರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ.

“ನಿಮ್ಮ ಟೀಮಿಂದು ಹನ್ನೆರಡು ಬಾಕಿ. ಹನ್ನೆರಡು ಅಂತ ಇಲ್ಲಿ ಬರೆದಿದೆ. ಓದೋಕೆ ಬರುತ್ತೆ ತಾನೇ?”

ಆಮೇಲೆ ನಾನು ಏನು ಹೇಳಿದೆನೋ ಅದನ್ನು ಇಲ್ಲಿ ಬರೆಯಲಾಗುವುದಿಲ್ಲ. ಕುರ್ಚಿ ಒದ್ದು ಹೊರಗೆ ಬಂದೆ; ಲೆಟರ್ ಬರುತ್ತಿದ್ದುದು ಗಿರಾಕಿಗಳ ದೂರಿಗೆ ಮಾತ್ರ. ಎರಡನೇ ಮಹಡಿಗೆ ಹೋಗಲಿಲ್ಲ. ಫಾರಂ ಬೈಕಿನ ಡಬ್ಬಿಯಲ್ಲೇ ಉಳಿಯಿತು. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಹನ್ನೆರಡು ತಾನೇ, ತಗೋ ಹನ್ನೆರಡೂ, ಎಂದು ಹಲ್ಲು ಕಚ್ಚಿ ಒಬ್ಬೊಬ್ಬರಿಗೇ ಫೋನ್ ಮಾಡಿ ದೂರು ಮುಚ್ಚುತ್ತಾ ಹೋದೆ. ಒಂಬತ್ತನೆಯದು ಲಾಂಡ್ರಿ ಅಕ್ಕನದು.

“ಅಕ್ಕ, ಇಂಟರ್‌ನೆಟ್ ಕಂಪನಿಯಿಂದ. ಕ್ಯಾಮೆರಾ ನೋಡಿ, ಬರ್ತಿದೆಯಾ?”

“ಬರ್ತಿದೆ. ಮನೇಲಿ ಮೊದಲೂ ಬರ್ತಿತ್ತಲ್ಲಪ್ಪ. ಲಾಂಡ್ರೀಲೂ ಬರುತ್ತಾ?”

“ಬರುತ್ತೆ.”

“ಹಾಗಾದ್ರೆ ನಾಳೆ ಕೆಲಸಕ್ಕೆ ಹೋಗ್ಲಾ?”

“ಹೋಗಿ. ಒಂದು ನಂಬರ್ ಬಂದಿರುತ್ತೆ, ಹೇಳಿ.”

ಹೇಳಿದರು. ಸಿಟ್ಟಿನಲ್ಲಿ ಮರೆತೆ ಎಂದರೆ ಸುಳ್ಳಾಗುತ್ತದೆ. ಮನೆಯ ವೈಫೈಯಲ್ಲಿ ಆ ಚಿತ್ರ ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಆಫೀಸು ತೆರೆಯುತ್ತಿದ್ದಂತೆ ಫಾರಂ ಕೊಟ್ಟರಾಯಿತು, ಆಕೆ ಲಾಂಡ್ರಿ ಮುಟ್ಟುವುದರೊಳಗೆ ಸರಿಯಾಗಿರುತ್ತದೆ ಎಂದುಕೊಂಡೆ. ಹೀಗೆ ಎಷ್ಟು ಸಲ ಮಾಡಿರಲಿಲ್ಲ? ಯಾರಿಗೂ ಏನೂ ಆಗಿರಲಿಲ್ಲ.

ಬೆಳಿಗ್ಗೆ ಏಳಕ್ಕೆ, ಬೇರೊಂದು ಬಡಾವಣೆಯಲ್ಲಿ ರಸ್ತೆ ಅಗೆಯುವ ಯಂತ್ರ ದೊಡ್ಡ ಕೇಬಲ್ಲನ್ನೇ ತುಂಡರಿಸಿದೆ ಎಂದು ಕರೆ ಬಂತು. ಮೀಟರಣ್ಣನೂ ನೇರವಾಗಿ ಅಲ್ಲಿಗೇ ಬಂದ. ಕಣ್ಣು ಇನ್ನೂ ಕೆಂಪಗಿತ್ತು.

“ಆ ಫಾರಂ?” ಎಂದ.

“ಆಯ್ತು,” ಎಂದೆ. ಬೈಕು ಹತ್ತು ಹೆಜ್ಜೆ ದೂರದಲ್ಲಿತ್ತು.

ಗುಂಡಿಯೊಳಗೆ ಕೂತು ನಲವತ್ತೆಂಟು ಎಳೆ ಜೋಡಿಸಿ ಮುಗಿಸುವಷ್ಟರಲ್ಲಿ ಮೂರು ಗಂಟೆಯಾಯಿತು.

ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಲಾಂಡ್ರಿಯಲ್ಲಿ ಒಂಬತ್ತರಿಂದ ಚಿತ್ರ ಬಂದಿರಲಿಲ್ಲ. ಸರಿಯಾಗಿದೆ ಎಂದು ಕಂಪನಿಯವರೇ ಹೇಳಿದ್ದಾರಲ್ಲ, ಇಲ್ಲಿಯ ತಗಡಿನ ಚಾವಣಿಯಿಂದ ಸಿಗ್ನಲ್ ಸಿಗುತ್ತಿಲ್ಲವೇನೋ ಎಂದುಕೊಂಡ ಅಕ್ಕ ಎರಡು ಸಲ ಅಂಗಳಕ್ಕೆ ಹೋಗಿ ನೋಡಿದ್ದರು. ಎದುರುಮನೆಯಾಕೆ ಪೇಟೆಗೆ ಹೋಗಿದ್ದವಳು ಫೋನ್ ಎತ್ತಲಿಲ್ಲ. ಸಹಾಯವಾಣಿಗೆ ಮಾಡಿದರೆ, “ನಿಮ್ಮ ದೂರು ಬಗೆಹರಿದಿದೆ, ಹೊಸ ದೂರಿಗೆ ಇಪ್ಪತ್ನಾಲ್ಕು ಗಂಟೆ ಕಾಯಿರಿ,” ಎಂದರು. ಮೂರು ದಿನದ ರಜೆಯ ಮೇಲೆ ಇವತ್ತೂ ಅರ್ಧಕ್ಕೆ ಎದ್ದು ಹೋದರೆ ಕೆಲಸ ಹೋಗುತ್ತದೆಂದು ಊಟದ ಹೊತ್ತಿನವರೆಗೆ ತಡೆದುಕೊಂಡರು. ಮನೆಗೆ ಬಂದಾಗ ಯಜಮಾನರು ಮಂಚದಿಂದ ಕೆಳಗೆ ಮುಖ ಅಡಿಯಾಗಿ ಬಿದ್ದಿದ್ದರು. ಬಲಗೈ ಮೈಯಡಿ ಸಿಕ್ಕಿಕೊಂಡಿತ್ತು. ಎಷ್ಟು ಹೊತ್ತಿನಿಂದಲೋ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಆಕೆ ಆಫೀಸಿಗೆ ಬಂದು ನಿಂತರು. ಕೂಗಾಡಲಿಲ್ಲ. “ಯಾರು ಹೋಗಿ ಅಂದಿದ್ದು, ಅವರನ್ನ ತೋರಿಸಿ,” ಎಂದರು. ಫೋನಿನ ದನಿ ಯಾರದೆಂದು ಆಕೆಗೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಇದ್ದದ್ದು ಮೀಟರಣ್ಣನ ಹೆಸರು.

ಅವನನ್ನು ಒಳಗೆ ಕರೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಈ ದೂರು ಮುಚ್ಚಿದ್ದು ಯಾರು?” ಎಂದ ಸೂಪರ್‌ವೈಸರ್.

ಅವನು ಬಗ್ಗಿ, ಕನ್ನಡಕ ಪರದೆಗೆ ತಾಗುವಷ್ಟು ಹತ್ತಿರ ಹೋಗಿ ಓದಿದ. ಒಳಗೆ ಹೋಗಿ ಹೇಳಲು ಅಷ್ಟು ಸಮಯ ಸಾಕಾಗಿತ್ತು.

“ನನ್ನ ಹೆಸರಿದೆಯಲ್ಲ. ನಾನೇ,” ಎಂದ.

ಅವತ್ತೇ ತೆಗೆದರು. ಹೊರಗೆ ಬಂದವನು ಮೀಟರನ್ನು ಮೇಜಿನ ಮೇಲೆ ಒಪ್ಪಿಸಿ, ಸಹಿ ಹಾಕಿ, ನನ್ನ ಜೊತೆ ಗಾಡಿ ನಿಲ್ಲಿಸುವ ಜಾಗದವರೆಗೆ ನಡೆದ.

“ಯಾಕಣ್ಣ ಹಾಗಂದೆ? ನಾನು ಕೇಳಿದ್ನಾ?” ಆಗಲೂ ನನಗೆ ಬಂದದ್ದು ಸಿಟ್ಟೇ.

“ನಿಂಗೆ ಎರಡು ಲೆಟರ್ ಆಗಿದೆ. ನನ್ನ ಕಣ್ಣು ಹೇಗಿದ್ರೂ ಇನ್ನೊಂದು ವರ್ಷದ್ದು.” ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. “ಆಫೀಸಿಗೆ ನಾನು ಹೇಳಿದ್ದೀನಿ. ಆ ತಾಯಿಗೆ ನೀನು ಹೇಳು. ಅಲ್ಲಿಗೆ ನನ್ನ ಹೆಸರಲ್ಲಿ ಹೋಗ್ಬೇಡ. ನಿಂದೇ ಹೆಸರಲ್ಲಿ ಹೋಗು.”

“ಹೇಳ್ತೀನಣ್ಣ.”

“ಯಾವಾಗ?”

“ಈ ವಾರ.”

ಆ ವಾರ ಅವರ ಬೀದಿಯ ತುದಿಯವರೆಗೆ ಹೋದೆ. ಮುಂದಿನ ತಿಂಗಳು ಮೆಟ್ಟಿಲವರೆಗೆ. ಒಮ್ಮೆ ಮೊದಲ ಮಹಡಿ ಹತ್ತಿ, ಯಾರೋ ಇಳಿದು ಬರುವ ಸದ್ದಿಗೆ ತಿರುಗಿ ಬಂದೆ. ಮೀಟರಣ್ಣ ಒಬ್ಬ ಸ್ನೇಹಿತನ ಬೀಗ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದ. ಬೀಗದ ಕೈಯನ್ನು ಕಣ್ಣಿನಿಂದ ನಾಲ್ಕು ಬೆರಳು ದೂರಕ್ಕೆ ಹಿಡಿದು ಉಜ್ಜುತ್ತಿದ್ದ. ನಾನು ಹೋದಾಗೆಲ್ಲ ತಲೆಯೆತ್ತದೆ ಕೇಳುತ್ತಿದ್ದ, “ಹೋಗಿದ್ಯಾ?” “ಇಲ್ಲಣ್ಣ, ಈ ವಾರ.” ಕೆಲವು ತಿಂಗಳಾದ ಮೇಲೆ ಕೇಳುವುದನ್ನು ಬಿಟ್ಟ. ಮಳೆ, ಟ್ರಾಫಿಕ್ಕು, ನನ್ನ ಮಕ್ಕಳ ಪರೀಕ್ಷೆ, ಎಲ್ಲ ವಿಚಾರಿಸುತ್ತಿದ್ದ, ಅದೊಂದನ್ನು ಬಿಟ್ಟು. ನಾನೂ ಅಂಗಡಿಯ ಕಡೆ ಹೋಗುವುದನ್ನು ಕಡಿಮೆ ಮಾಡಿದೆ.

ಎರಡನೇ ವರ್ಷ ಎದೆನೋವಿನಲ್ಲಿ ಹೋದ. ಮನೆ ತುಂಬ ಜನ. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು, “ಕುಕ್ಕರ್ ಬಂದು ಏನೋ ಹೇಳ್ತಾನೆ ಅಂತಿದ್ರಪ್ಪ. ಬಾಗಿಲು ಸದ್ದಾದ್ರೆ ನೀನಾ ಅಂತ ಕೇಳೋರು. ಏನಪ್ಪ ಅದು?” ಎಂದರು. “ಏನಿಲ್ಲ ಅತ್ತಿಗೆ, ಕೆಲಸದ ವಿಷಯ,” ಎಂದೆ.

ಹೋದ ತಿಂಗಳು ಲಾಂಡ್ರಿ ಅಕ್ಕನ ಮನೆಯ ಕೆಲಸ ನನ್ನ ಫೋನಿಗೆ ಬಂತು. ಈಗ ಆ್ಯಪ್‌ನಲ್ಲಿ ನನ್ನದೇ ಹೆಸರು. ಕನೆಕ್ಷನ್ ಬೇಡವಂತೆ, ಮೋಡೆಮ್ ವಾಪಸ್ ತರಬೇಕು. ಬೇರೆಯವರನ್ನು ಕಳಿಸಬಹುದಿತ್ತು. ನಾನೇ ಹೋದೆ.

ಮಂಚ ಇರಲಿಲ್ಲ. ಅಲ್ಲಿ ಒಂದು ಮೇಜು, ಅದರ ಮೇಲೆ ಬೇರೆಯವರ ಬಟ್ಟೆಗಳ ಇಸ್ತ್ರಿ ಮಾಡಿದ ಗಂಟು. ಎದುರಿನ ಗೋಡೆಯಲ್ಲಿ ಕ್ಯಾಮೆರಾ ಕಿತ್ತ ಎರಡು ತೂತು. ಅಕ್ಕ ನನಗೆ ನೀರು ಕೊಟ್ಟು, ನಾನು ವೈರು ಬಿಚ್ಚುವುದನ್ನು ನೋಡುತ್ತಾ ನಿಂತರು.

“ನಿಮ್ಮ ಜೊತೆ ದಪ್ಪ ಕನ್ನಡಕದವರೊಬ್ಬರು ಬರ್ತಿದ್ರಲ್ಲ?”

“ತೀರ್ಕೊಂಡ್ರು.”

ಆಕೆ ನನ್ನ ಖಾಲಿ ಲೋಟ ತೆಗೆದುಕೊಂಡರು. “ನಮ್ಮ ಯಜಮಾನರ ತಿಥಿ ಎಲ್ಲ ಮುಗಿದ ಮೇಲೆ ಒಂದ್ಸಲ ಬಂದಿದ್ರು. ಈ ಬಾಗಿಲಲ್ಲೇ ನಿಂತಿದ್ರು. ನಾನು ಬಾಯಿಗೆ ಬಂದ ಹಾಗೆ ಅಂದೆ. ಒಂದು ಮಾತು ತಿರುಗಿಸಿ ಆಡ್ಲಿಲ್ಲ. ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ರು. ಯಾರು ಬರ್ತಾರೆ ಅಂದೆ. ಹೊರಟುಹೋದ್ರು.” ಆಮೇಲೆ ಕೇಳಿದರು, “ನೋಡೋಕೆ ಒಳ್ಳೆಯವರ ಹಾಗೇ ಇದ್ರು. ಸರಿಯಾಗದೇ ಇದ್ದದ್ದನ್ನ ಸರಿಯಾಗಿದೆ ಅಂತ ಯಾಕೆ ಹೇಳಿದ್ರು ಅಂತೀರಿ?”

ಸ್ಕ್ರೂಡ್ರೈವರ್ ನನ್ನ ಕೈಯಲ್ಲಿತ್ತು. ಮೋಡೆಮ್ಮಿನ ಕೊನೆಯ ಸ್ಕ್ರೂ ಅರ್ಧ ಬಿಚ್ಚಿತ್ತು. ಮನೆಯಲ್ಲಿ ನಾವಿಬ್ಬರೇ. ಅವಸರ ಮಾಡುವವರು ಯಾರೂ ಇರಲಿಲ್ಲ.

“ಗೊತ್ತಿಲ್ಲ ಅಕ್ಕ,” ಎಂದೆ.

ಮೋಡೆಮ್ ಚೀಲಕ್ಕೆ ಹಾಕಿಕೊಂಡು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಇಳಿದು ಬಂದೆ. ಮೀಟರಣ್ಣ ನನ್ನಿಂದ ಕೇಳಿದ್ದು ಅದೊಂದನ್ನೇ. ಅದನ್ನು ಕೊಡಲು ಅಲ್ಲಿಗೆ ಹೋಗಿಯೂ ಕೊಡದೆ ಬಂದೆ. ಇನ್ನು ಆ ಮನೆಗೆ ಹೋಗಲು ನನಗೆ ಯಾವ ಕೆಲಸವೂ ಇಲ್ಲ.